ತರಂಗಂಬಾಡಿಯ ಲೂಥರನ್ ಸಭೆ

ಕೊಡಗಿನಲ್ಲಿ ಜನಿಸಿದ ಕಾವೇರಿಯು ಕಡಲನ್ನು ಸೇರುವ ಚೋಳಮಂಡಲದ ತೀರದಲ್ಲಿ ತರಂಗಂಬಾಡಿಯೆಂಬ ಚಿಕ್ಕ ಪಟ್ಟಣವಿರುವುದು. ಡೇನರು 1620ರಲ್ಲಿ ತಂಜಾವೂರಿನ ನಾಯಕರಿಂದ ಈ ಸ್ಥಳವನ್ನು ಪಡೆದು ಕೋಟೆಯೊಂದನ್ನು ಕಟ್ಟಿ, 1845ರಲ್ಲಿ ಅದನ್ನು ಆಂಗ್ಲರಿಗೆ ಮಾರಿ ಹೊರಟುಹೋದರು. ವರ್ತಕರು ಹೋದರೂ ಅವರ ಆಶ್ರಯದಲ್ಲಿ ಹುಟ್ಟಿದ ಲೂಥರನ್ ಸಭೆಯು ನಿಂತಿತು. 2006ರಲ್ಲಿ ಮುನ್ನೂರು ವರ್ಷಗಳ ಉತ್ಸವವನ್ನೂ ಆಚರಿಸಿತು. ಉತ್ಸವಕಾಲದಲ್ಲಿ ಸ್ತುತಿವಾಕ್ಯಗಳಿಗೆ ಕೊರತೆಯಿಲ್ಲವಷ್ಟೆ. ಆದರೆ ಈ ಸಭೆಯು ಈ ನೆಲದವರ ಕೈಸೇರಲು ಎಷ್ಟು ಕಾಲ ಹಿಡಿಯಿತೆಂಬುದನ್ನು ಅರಿಯದೆ ಆ ಉತ್ಸವದ ಬೆಲೆಯನ್ನು ಅರಿತಂತಾಗದು.

ಡೆನ್ಮಾರ್ಕಿನ ದೊರೆಯಾದ ನಾಲ್ಕನೆಯ ಫ್ರೆಡರಿಕನು ಕಳುಹಿಸಿದ ಜೀಗನ್‌ಬಾಲ್ಗ್, ಪ್ಲ್ಯೂಚೌ ಎಂಬ ಇಬ್ಬರು ಜರ್ಮನ್ ತರುಣರು 1706ನೆಯ ಜುಲೈ 9ರಂದು ಇಲ್ಲಿಗೆ ಬಂದರು. ಇಪ್ಪತ್ತನಾಲ್ಕರ ಪ್ರಾಯದ ಜೀಗನ್‌ಬಾಲ್ಗನು ತಮಿಳು ಮಠದ ಬಾಲಕರ ನಡುವೆ ಕುಳಿತು, ಮರಳಿನ ಮೇಲೆ ಬೆರಳಿನಿಂದ ಅಕ್ಷರಗಳನ್ನು ತಿದ್ದಿದನು. ಪಾಠ ಹೇಳಲು ಬಂದವನು ಮೊದಲು ಮಣೆಯ ಮೇಲೆ ಶಿಷ್ಯನಾಗಿ ಕುಳಿತುದು ಸಾಮಾನ್ಯ ಸಂಗತಿಯಲ್ಲ. ಡೇನರ ಅಧಿಕಾರಿಯೇ ಅವನನ್ನು ನಾಲ್ಕು ತಿಂಗಳು ಸೆರೆಯಲ್ಲಿಟ್ಟನು. ಆದರೂ ಕೆಲಸ ನಿಲ್ಲಲಿಲ್ಲ. ಹಾಲೆ ನಗರದಿಂದ ಬಂದ ತಮಿಳು ಅಚ್ಚಿನ ಮೊಳೆಗಳು ತೀರ ದೊಡ್ಡವಾದುದರಿಂದ ಇಲ್ಲಿಯೇ ಸಣ್ಣ ಮೊಳೆಗಳನ್ನು ಎರಕಹೊಯ್ದು, 1715ರೊಳಗೆ ತಮಿಳು ಹೊಸ ಒಡಂಬಡಿಕೆಯನ್ನು ಮುದ್ರಿಸಿ ಮುಗಿಸಿದರು.

ಈ ದೇಶದ ದೇವತೆಗಳ ವಂಶಾವಳಿಯನ್ನು ಕುರಿತು ಅವನು 1713ರಲ್ಲಿ ಬರೆದ ಗ್ರಂಥದ ಗತಿ ಬೇರೆಯಾಯಿತು. ಹಾಲೆಯ ಹಿರಿಯರು ಅದನ್ನು ಪ್ರಕಟಿಸಲೊಪ್ಪಲಿಲ್ಲ. ಅದು ಮದರಾಸಿನಲ್ಲಿ ಅಚ್ಚಾದುದು 1867ರಲ್ಲಿ! ಕಳುಹಿಸಿದವರಿಗಿಂತ ಕಳುಹಿಸಲ್ಪಟ್ಟವನೇ ಹೆಚ್ಚು ಕಂಡಿದ್ದನೆನ್ನಬೇಕು.

ಈ ಕಥೆಯಲ್ಲಿ ಮರೆಮಾಚಬಾರದ ಅಂಶವೊಂದುಂಟು. 1718ರಲ್ಲಿ ಪ್ರತಿಷ್ಠಿತವಾದ ಹೊಸ ಯೆರೂಸಲೇಮ್ ದೇವಾಲಯದಲ್ಲಿ ಶೂದ್ರ ಕ್ರೈಸ್ತರಿಗೂ ಪರೈಯ ಕ್ರೈಸ್ತರಿಗೂ ಆಸನಗಳು ಬೇರೆಬೇರೆಯಾಗಿದ್ದುವು. ಮತ ಬದಲಾದರೂ ಪಂಕ್ತಿಭೇದ ಬದಲಾಗಲಿಲ್ಲ. 1733ರಲ್ಲಿ ಪ್ರಥಮ ದೇಶೀಯ ಪಾದ್ರಿಯಾಗಿ ಅಭಿಷಿಕ್ತನಾದ ಆರೋನನು ವೆಳ್ಳಾಳ ಕುಲದವನು. ಪರೈಯ ಕುಲದ ಉಪದೇಶಕ ರಾಜನಾಯಕನು ಯೋಗ್ಯನಾಗಿದ್ದರೂ, ಮೇಲ್ಜಾತಿಯವರು ಅವನ ಕೈಯಿಂದ ಕರ್ತನ ಭೋಜನವನ್ನು ಸ್ವೀಕರಿಸಲಾರರೆಂಬ ಕಾರಣದಿಂದ ಅವನಿಗೆ ಆ ಪದವಿ ದೊರೆಯಲಿಲ್ಲ. ಮೊಳೆ ಎರಕಹೊಯ್ದವರಿಗೆ ಈ ಗಂಟನ್ನು ಬಿಚ್ಚುವುದು ಸಾಧ್ಯವಾಗಲಿಲ್ಲ.

ಸ್ವತಂತ್ರವಾದ ತಮಿಳು ಸುವಾರ್ತಾ ಲೂಥರನ್ ಸಭೆಯು 1919ರಲ್ಲಿ ಸ್ಥಾಪಿತವಾಯಿತು. ಆದರೂ ತರಂಗಂಬಾಡಿಯ ಬಿಷಪ್ ಪೀಠದಲ್ಲಿ ಮೊದಲು ಕುಳಿತವರು ಸ್ವೀಡನ್ ದೇಶದವರು. ರಾಜಾ ಮಾಣಿಕಂ ಅವರು ಪ್ರಥಮ ಭಾರತೀಯ ಬಿಷಪ್ಪರಾದುದು 1956ರಲ್ಲಿ, ಎಂದರೆ ಸಭೆಗೆ ಸರಿಯಾಗಿ ಇನ್ನೂರೈವತ್ತು ತುಂಬಿದ ವರ್ಷದಲ್ಲಿ. ಆ ವರ್ಷದ ಉತ್ಸವವು ಹಿಂದನ್ನು ನೆನೆಯುವುದರ ಜೊತೆಗೆ ಮುಂದಕ್ಕೂ ಮುಖಮಾಡಿತ್ತೆಂದು ಹೇಳಬಹುದು.

ಮುನ್ನೂರನೆಯ ವರ್ಷದ ಉತ್ಸವಕ್ಕೆ ಎರಡು ವರ್ಷ ಮೊದಲು, 2004ನೆಯ ಡಿಸೆಂಬರ್ 26ರಂದು, ಸುನಾಮಿಯು ಈ ಊರಿಗೆ ಅಪ್ಪಳಿಸಿತು. ಸಮೀಪದಲ್ಲಿರುವ, ಹದಿನಾಲ್ಕನೆಯ ಶತಮಾನದ ಮಾಸಿಲಾಮಣಿನಾಥರ ಶಿವಾಲಯದ ಬಹುಭಾಗವನ್ನು ಕಡಲು ಹಿಂದೆಯೇ ನುಂಗಿತ್ತು. ಈಗ ದಡದುದ್ದಕ್ಕೂ ಬಂಡೆಗಳನ್ನು ಒಡ್ಡಲಾಗಿದೆ. ಜೀಗನ್‌ಬಾಲ್ಗನ ಸಮಾಧಿಯುಳ್ಳ ಹೊಸ ಯೆರೂಸಲೇಮ್ ದೇವಾಲಯವು ರಾಜಬೀದಿಯಲ್ಲಿ, ಅಲೆಗಳ ಸದ್ದು ಕೇಳುವಷ್ಟು ಸಮೀಪದಲ್ಲಿಯೇ ನಿಂತಿದೆ. ಭಾನುವಾರಗಳಂದು ಅಲ್ಲಿ ಆರಾಧನೆಯು ತಮಿಳಿನಲ್ಲಿ ನಡೆಯುತ್ತಿರುವುದು.