ಚಿನ್ನದ ಬಣ್ಣದ ಡ್ರಿಲ್ ಬಿಟ್: ದಪ್ಪ ಲೇಪ ಗಟ್ಟಿಯೋ, ತೆಳು ಪದರ ಗಟ್ಟಿಯೋ?

ಕಳೆದ ತಿಂಗಳು ನಮ್ಮೂರಿನ ವೆಲ್ಡಿಂಗ್ ಶಾಪಿನಲ್ಲಿ ಕೂತಿದ್ದೆವು. ಮಾಲೀಕರು ಚಿನ್ನದ ಬಣ್ಣದ ಎರಡು ಡ್ರಿಲ್ ಬಿಟ್ ತಂದು ತೋರಿಸಿದರು. ಒಂದು ತಿಂಗಳುಗಟ್ಟಲೆ ಬಾಳಿದೆ, ಇನ್ನೊಂದು ಎರಡೇ ದಿನಕ್ಕೆ ಮೊಂಡಾಗಿದೆ. "ಕೋಟಿಂಗ್ ಇನ್ನೂ ದಪ್ಪ ಹಾಕಿದ್ರೆ ಬಾಳ್ತಿತ್ತು ನೋಡಿ" ಅಂದರು. ನಾವೂ ಹಾಗೇ ಅಂದುಕೊಂಡಿದ್ದೆವು. ಹಿಂದಿನ ಕಥೆ ಓದಿದ ಮೇಲೆ ಅಭಿಪ್ರಾಯ ಬದಲಾಯಿತು.

ಆ ಬಣ್ಣ ಟೈಟಾನಿಯಂ ನೈಟ್ರೈಡ್ ಎಂಬ ಗಟ್ಟಿ ವಸ್ತುವಿನದು. ಲೇಪದ ದಪ್ಪ ಕೆಲವೇ ಮೈಕ್ರಾನ್. ಒಂದು ಮಿಲಿಮೀಟರನ್ನು 1000 ಭಾಗ ಮಾಡಿದರೆ ಒಂದು ಭಾಗವೇ ಮೈಕ್ರಾನ್. ಸುಮ್ಮನೆ ದಪ್ಪ ಹೆಚ್ಚಿಸುತ್ತಾ ಹೋದರೆ ಒಳಗಿನ ಬಿಗಿತಕ್ಕೆ ಲೇಪವೇ ಬಿರುಕು ಬಿಟ್ಟು ಏಳುತ್ತದೆ. ಗೋಡೆಗೆ ಸುಣ್ಣ ಮಂದವಾಗಿ ಬಳಿದರೆ ಹಕ್ಕಳೆ ಎದ್ದು ಉದುರುವುದನ್ನು ನೀವು ನೋಡಿದ್ದೀರಿ.

ಹಾಗಾದರೆ ಗಟ್ಟಿತನ ಎಲ್ಲಿಂದ ಬರುತ್ತದೆ? ಮೊದಲ ಸುಳಿವು ಉಕ್ಕಿನಿಂದ ಸಿಕ್ಕಿತು. ಉಕ್ಕಿನೊಳಗಿನ ಹರಳುಗಳು ಸಣ್ಣದಾದಷ್ಟೂ ಅದರ ಬಲ ಹೆಚ್ಚು ಎಂದು ಬ್ರಿಟನ್ನಿನಲ್ಲಿ ಹಾಲ್ 1951ರಲ್ಲಿ, ಪೆಚ್ 1953ರಲ್ಲಿ ತೋರಿಸಿದರು. ಲೋಹದೊಳಗೆ ಪರಮಾಣುಗಳ ಸಾಲು ತಪ್ಪಿದ ಜಾಗಗಳಿರುತ್ತವೆ. ಒತ್ತಡ ಬಿದ್ದಾಗ ಅವು ಸರಿಯುತ್ತಾ ಹೋಗುತ್ತವೆ, ಲೋಹ ಬಾಗುತ್ತದೆ. ಹರಳಿನ ಅಂಚು ಆ ಓಟಕ್ಕೆ ತಡೆ, ಹೊಲದಲ್ಲಿ ಬದು ನೀರಿಗೆ ತಡೆಯಾದಂತೆ. ಹರಳು ಸಣ್ಣದಾದರೆ ಬದುಗಳು ಹೆಚ್ಚು.

1970ರಲ್ಲಿ ಅಮೆರಿಕದ ಕೋಹ್ಲರ್ ಒಂದು ಉಪಾಯ ಹೇಳಿದರು. ಬೇರೆ ಬೇರೆ ಬಿಗಿತದ ಎರಡು ವಸ್ತುಗಳನ್ನು ತೀರಾ ತೆಳ್ಳಗೆ, ಒಂದರ ಮೇಲೊಂದು ಜೋಡಿಸುತ್ತಾ ಹೋದರೆ ಪ್ರತಿ ಪದರದ ಗಡಿಯೂ ಒಂದು ಬದು ಆಗುತ್ತದೆ. 1978ರಲ್ಲಿ ಲೆಹೋಜ್ಕಿ ಅಲ್ಯೂಮಿನಿಯಂ ಮತ್ತು ತಾಮ್ರದ ಪದರಗಳಲ್ಲಿ ಇದನ್ನು ಪರೀಕ್ಷಿಸಿದರು. ಪದರ ತೆಳುವಾದಂತೆ ಬಲ ಹೆಚ್ಚಿತು.

1987ರಲ್ಲಿ ಸ್ವೀಡನ್ನಿನ ಹೆಲ್ಮರ್ಸನ್ ಮತ್ತು ಸಂಗಡಿಗರು ಟೈಟಾನಿಯಂ ನೈಟ್ರೈಡ್, ವನೇಡಿಯಂ ನೈಟ್ರೈಡ್ ಎರಡನ್ನೂ ಹೀಗೇ ಜೋಡಿಸಿದರು. ಒಂದು ಜೋಡಿ ಪದರ ಸುಮಾರು 5 ನ್ಯಾನೊಮೀಟರ್ ಇದ್ದಾಗ ಗಟ್ಟಿತನ ತುತ್ತತುದಿ ಮುಟ್ಟಿತು. ಅವೇ ಎರಡನ್ನು ಬೆರೆಸಿ ಮಾಡಿದ ಲೇಪಕ್ಕಿಂತ ಎರಡೂವರೆ ಪಟ್ಟಿಗೂ ಹೆಚ್ಚು! ಮಿಲಿಮೀಟರಿನ ಹತ್ತು ಲಕ್ಷದ ಒಂದು ಭಾಗವೇ ನ್ಯಾನೊಮೀಟರ್.

ಆದರೆ ತೆಳುವಿಗೂ ಮಿತಿ ಇದೆ. 5ಕ್ಕಿಂತ ಇನ್ನೂ ತೆಳ್ಳಗಾದಾಗ ಗಟ್ಟಿತನ ಮತ್ತೆ ಇಳಿಯಿತು. ಅಷ್ಟು ತೆಳುವಾದರೆ ಪಕ್ಕದ ಪದರಗಳು ಒಂದರೊಳಗೊಂದು ಬೆರೆತು ಗಡಿ ಮಸುಕಾಗುತ್ತದೆ. ಬದುವೇ ಕರಗಿದ ಮೇಲೆ ತಡೆ ಎಲ್ಲಿ? ಪದರ ದಪ್ಪವಾದರೂ ಕಷ್ಟ, ಸಾಲು ತಪ್ಪಿದ ಜಾಗಗಳಿಗೆ ಪದರದ ಒಳಗೇ ಓಡಾಡಲು ಜಾಗ ಸಿಗುತ್ತದೆ.

ಇಂಥ ಹಲವು ಪದರದ ಲೇಪಗಳು ಈಗ ಕಾರ್ಖಾನೆಯ ಕತ್ತರಿಸುವ ಉಪಕರಣಗಳ ಮೇಲಿವೆ. ನಮ್ಮ ಅಂಗಡಿಯ ಚಿನ್ನದ ಬಿಟ್ಟಿಗೆ ಸಾಮಾನ್ಯವಾಗಿ ಇರುವುದು ಒಂದೇ ಪದರ. ಗ್ರೈಂಡರಿಗೆ ಹಿಡಿದು ತುದಿ ಚೂಪು ಮಾಡಿದರೆ ಅಲ್ಲಿ ಅದೂ ಹೋಗುತ್ತದೆ. ಒಳಗಿನ ಉಕ್ಕು ಮೆತ್ತಗಿದ್ದರೆ ಮೇಲಿನ ಬಂಗಾರದ ಬಣ್ಣ ಕಾಪಾಡುವುದಿಲ್ಲ. ಮುಂದಿನ ಸಲ ಬಿಟ್ ಕೊಳ್ಳುವಾಗ ಹೊಳಪಿಗೆ ಮರುಳಾಗಬೇಡಿ, ಒಳಗಿನ ಉಕ್ಕು ಯಾವುದು ಎಂದು ಮೊದಲು ಕೇಳಿ. ವೆಲ್ಡಿಂಗ್ ಶಾಪಿನ ಮಾಲೀಕರಿಗೂ ನಾವು ಇದನ್ನೇ ಹೇಳಿ ಬಂದೆವು.