ಡೈನೋಸಾರ್ ಪಳೆಯುಳಿಕೆ ಕಲ್ಲಾಗಿದ್ದರೂ ಹಾಳಾಗುತ್ತದೆಯೇ?

ಹೌದು. ಕೋಟ್ಯಂತರ ವರ್ಷ ಮಣ್ಣಿನಡಿ ಉಳಿದ ಮೂಳೆಯೂ ಹೊರತೆಗೆದ ಕೆಲವೇ ವರ್ಷಗಳಲ್ಲಿ ಪುಡಿಯಾಗಬಹುದು.

ಕಾರಣವೇನು?
ಕೆಲವು ಪಳೆಯುಳಿಕೆಗಳಲ್ಲಿ ಕಬ್ಬಿಣ ಮತ್ತು ಗಂಧಕ ಸೇರಿದ ಪೈರೈಟ್ ಎಂಬ ಖನಿಜವಿರುತ್ತದೆ. ಆಮ್ಲಜನಕ, ತೇವಾಂಶ ತಾಗಿದರೆ ಅದರಿಂದ ಗಂಧಕಾಮ್ಲ ಮತ್ತು ಕಬ್ಬಿಣದ ಸಲ್ಫೇಟ್ ಹುಟ್ಟುತ್ತವೆ. ಸಲ್ಫೇಟ್ ಹಿಗ್ಗಿ ಮೂಳೆಯನ್ನು ಒಳಗಿನಿಂದಲೇ ಸೀಳುತ್ತದೆ. ಆಮ್ಲ ಪಕ್ಕದ ಚೀಟಿಯನ್ನೂ ತಿನ್ನುತ್ತದೆ.

ಕಾಪಾಡುವುದು ಹೇಗೆ?
ಅಂಥವನ್ನು ಗಾಳಿಯಾಡದ ಡಬ್ಬಿಯಲ್ಲಿ ಸಿಲಿಕಾ ಜೆಲ್ ಜೊತೆ ಇಡುತ್ತಾರೆ. ಹೊಸ ಶೂ ಪೆಟ್ಟಿಗೆಯಲ್ಲಿ ಸಿಗುವ ಪುಟ್ಟ ಪೊಟ್ಟಣದಲ್ಲಿರುವುದೂ ಅದೇ. ಭಾರದ ಮೂಳೆಗೆ ಅದರ ಆಕಾರಕ್ಕೆ ಹೊಂದುವ ಪ್ಲಾಸ್ಟರ್ ಆಸರೆ ಕೊಡುತ್ತಾರೆ. ಮುರಿದದ್ದನ್ನು ಪ್ಯಾರಲಾಯ್ಡ್ ಬಿ-72 ಅಂಟಿನಿಂದ ಜೋಡಿಸುತ್ತಾರೆ. ಅಸಿಟೋನ್ ಹಾಕಿದರೆ ಇದು ಕರಗುವುದರಿಂದ, ಜೋಡಣೆ ತಪ್ಪಾಗಿದ್ದರೆ ಮುಂದೆ ತಿದ್ದಬಹುದು.

ಚೀಟಿ ಏಕೆ ಮುಖ್ಯ?
ಎಲ್ಲಿ, ಯಾವ ಪದರದಲ್ಲಿ ಸಿಕ್ಕಿತು ಎಂಬ ಮಾಹಿತಿ ಕಳೆದರೆ ಮೂಳೆಯ ವೈಜ್ಞಾನಿಕ ಬೆಲೆ ಬಹುಪಾಲು ಹೋದಂತೆ. 1828ರಲ್ಲಿ ಜಬಲ್ಪುರದಲ್ಲಿ ಸಿಕ್ಕಿ, 1877ರಲ್ಲಿ ಟೈಟಾನೋಸಾರಸ್ ಇಂಡಿಕಸ್ ಎಂದು ಹೆಸರು ಪಡೆದ ಡೈನೋಸಾರ್‌ನ ಬಾಲದ ಮೂಳೆ ದಶಕಗಳ ಕಾಲ ಕಾಣೆಯಾಗಿತ್ತು. 2012ರಲ್ಲಿ ಅದು ಪತ್ತೆಯಾದದ್ದು ಕೋಲ್ಕತ್ತದ ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣಾ ಸಂಸ್ಥೆಯ ಸಂಗ್ರಹದಲ್ಲೇ!

‘ಮ್ಯೂಸಿಯಂನಲ್ಲಿರುವುದೆಲ್ಲ ನಕಲಿ’ ಎಂಬ ಫಾರ್ವರ್ಡ್ ನಿಜವೇ?
ಅರ್ಧಸತ್ಯ. ಷಿಕಾಗೋದ ಫೀಲ್ಡ್ ಮ್ಯೂಸಿಯಂನಲ್ಲಿರುವ ‘ಸ್ಯೂ’ ಎಂಬ ಟಿ. ರೆಕ್ಸ್ ಅಸ್ಥಿಪಂಜರಕ್ಕೆ ಜೋಡಿಸಿರುವ ತಲೆಬುರುಡೆ ಅಚ್ಚಿನದು. ಅಸಲಿ ಬುರುಡೆ ತುಂಬಾ ಭಾರವಾದ್ದರಿಂದ ಅದನ್ನು ಬೇರೆ ಗಾಜಿನ ಪೆಟ್ಟಿಗೆಯಲ್ಲಿಟ್ಟಿದ್ದಾರೆ. ನಕಲು ಇಡುವುದು ಮೋಸಕ್ಕಲ್ಲ, ಅಸಲಿಯನ್ನು ಉಳಿಸುವುದಕ್ಕೆ.