ವಿಠ್ಠಲ ದೇವಾಲಯದ ಕಲ್ಲಿನ ರಥ ಮತ್ತು ಚಿತ್ರಸಾಕ್ಷ್ಯ

ಹಂಪೆಯ ವಿಠ್ಠಲ ದೇವಾಲಯದ ಪ್ರಾಂಗಣದಲ್ಲಿ ಮಹಾಮಂಟಪಕ್ಕೆ ಇದಿರಾಗಿ ನಿಂತಿರುವ ಕಲ್ಲಿನ ರಥವು ಲೋಕವಿಶ್ರುತವಾದುದು. ಇದನ್ನು ಏಕಶಿಲೆಯೆಂದು ಭಾವಿಸುವವರುಂಟು. ವಾಸ್ತವವಾಗಿ ಇದು ಅನೇಕ ಶಿಲಾಖಂಡಗಳನ್ನು ಜೋಡಿಸಿ ಕಟ್ಟಿದ ಗರುಡನ ಗುಡಿ. ಉತ್ಸವದಲ್ಲಿ ಎಳೆಯುವ ಮರದ ತೇರಿನ ರೂಪವನ್ನು ಶಿಲ್ಪಿಗಳು ಕಲ್ಲಿನಲ್ಲಿ ಮೂಡಿಸಿದ್ದಾರೆ. ಆದರೆ ತೇರಿಗೆ ಸಹಜವಾದ ಎತ್ತರದ ಶಿಖರವು ಈಗ ಇದಕ್ಕಿಲ್ಲ; ಗುಡಿಯು ಕಪೋತದೊಡನೆಯೇ ಮುಗಿದಂತೆ ತೋರುತ್ತದೆ. ಮೊದಲಿನಿಂದಲೂ ಇದು ಹೀಗೆಯೇ ಇದ್ದಿತೆ? ಇಲ್ಲವೇ ೧೫೬೫ರ ಯುದ್ಧಾನಂತರದ ಉತ್ಪಾತದಲ್ಲಿ ಶಿಖರವು ನಾಶವಾಯಿತೆ?

ಇದಕ್ಕೆ ಉತ್ತರವು ಹಳೆಯ ಚಿತ್ರಗಳಿಂದ ದೊರೆಯುತ್ತದೆ. ೧೭೯೯ರಲ್ಲಿ ಕಾಲಿನ್ ಮೆಕೆಂಝಿಯು ಹಾಳಾದ ನಗರದ ನಕ್ಷೆಯನ್ನು ಮಾಡಿಸಿದನು. ತರುವಾಯ ೧೮೫೬ರಲ್ಲಿ ಮದರಾಸು ಸೈನ್ಯದ ಅಧಿಕಾರಿಯಾದ ಅಲೆಕ್ಸಾಂಡರ್ ಗ್ರೀನ್‌ಲಾ ಎಂಬವನು ಮೇಣವೂಡಿಸಿದ ಕಾಗದವನ್ನು ಬಳಸಿ ಇಲ್ಲಿನ ಕಟ್ಟಡಗಳ ಛಾಯಾಚಿತ್ರಗಳನ್ನು ತೆಗೆದನು. ಅವುಗಳಲ್ಲಿ ಕಲ್ಲಿನ ರಥದ ಮೇಲೆ ಇಟ್ಟಿಗೆಗಾರೆಯ ಶಿಖರವು ಸ್ಪಷ್ಟವಾಗಿ ಕಾಣುತ್ತದೆ. ಯುದ್ಧವಾಗಿ ೨೯೧ ವರ್ಷಗಳು ಕಳೆದ ಮೇಲೆಯೂ ಶಿಖರವು ನಿಂತಿದ್ದಿತು. ಅದನ್ನು ಇಳಿಸಿದುದು ಆ ಶತಮಾನದ ಕೊನೆಯ ಭಾಗದಲ್ಲಿ. ಆದುದರಿಂದ ಹಂಪೆಯ ಪ್ರತಿಯೊಂದು ನಷ್ಟವನ್ನೂ ೧೫೬೫ರ ಲೆಕ್ಕಕ್ಕೆ ಸೇರಿಸುವ ವಾಡಿಕೆಯು ವಿಮರ್ಶೆಗೆ ನಿಲ್ಲುವುದಿಲ್ಲ.

ಈ ಸಾಕ್ಷ್ಯಕ್ಕೆ ಮಿತಿಯೂ ಉಂಟು. ಛಾಯಾಚಿತ್ರವು ೧೮೫೬ರ ಸ್ಥಿತಿಯನ್ನು ತಿಳಿಸುವುದೇ ಹೊರತು ನಿರ್ಮಾಣಕಾಲದ ಸ್ಥಿತಿಯನ್ನಲ್ಲ. ಗಾರೆಯ ಕೆಲಸವು ಮಧ್ಯಕಾಲದಲ್ಲಿ ಜೀರ್ಣೋದ್ಧಾರವಾಗಿರಲೂಬಹುದು. ಆದರೂ ಕಪೋತದವರೆಗೆ ಕಲ್ಲನ್ನೂ ಅದರ ಮೇಲೆ ಇಟ್ಟಿಗೆಗಾರೆಯನ್ನೂ ಬಳಸುವುದು ವಿಜಯನಗರದ ವಾಸ್ತುಪದ್ಧತಿಯೇ ಆಗಿದ್ದಿತು. ಅಲ್ಲಿನ ಗೋಪುರಗಳೇ ಇದಕ್ಕೆ ನಿದರ್ಶನ. ಚಿತ್ರವೂ ಪದ್ಧತಿಯೂ ಒಂದನ್ನೊಂದು ಸಮರ್ಥಿಸುವುದರಿಂದ, ಶಿಖರವನ್ನು ಅನ್ಯವಾದ ಹೊರೆಯೆಂದು ತಳ್ಳಿಹಾಕಲಾಗದು.

ಪಾಳುಗುಡಿಯ ಚಿತ್ರಗಳನ್ನು ರಮ್ಯತೆಗಾಗಿ ಮಾತ್ರ ನೋಡುವುದು ರೂಢಿ. ಮುರಿದ ಕಂಬ, ಬಳ್ಳಿ ಹಬ್ಬಿದ ಗೋಡೆ, ನಿರ್ಜನವಾದ ಅಂಗಳ ಇವು ಮನಸ್ಸನ್ನು ಕರಗಿಸುವುದು ನಿಜ. ಆದರೆ ಚರಿತ್ರಕಾರನಿಗೆ ಅವು ಶಾಸನಗಳಂತೆ ಕಾಲನಿರ್ದೇಶವುಳ್ಳ ಆಧಾರಗಳು. ಯಾವ ಭಾಗವು ಎಂದಿನವರೆಗೆ ಉಳಿದಿದ್ದಿತೆಂಬುದನ್ನು ಅವುಗಳಿಂದ ನಿರ್ಣಯಿಸಬಹುದು. ೨೦೧೭ರಲ್ಲಿ ಹೊರಬಂದ ೫೦ ರೂಪಾಯಿಯ ನೋಟಿನಲ್ಲಿ ಅಚ್ಚಾಗಿರುವುದೂ ಶಿಖರವಿಲ್ಲದ ರಥವೇ. ಮನೆಮನೆಗೂ ತಲಪಿರುವ ಈ ರೂಪವೇ ಪೂರ್ಣರೂಪವೆಂಬ ನಂಬಿಕೆಯು ಬೇರೂರುವುದು ಸುಲಭ. ಅದು ಭಗ್ನರೂಪವೆಂಬುದಕ್ಕೆ ಗ್ರೀನ್‌ಲಾನ ಚಿತ್ರವು ಪ್ರಬಲವಾದ ಪ್ರಮಾಣವಾಗಿದೆ.